ಕಾಗದದ ಗುಟ್ಟು ಮಕ್ಕಳಿಗೇ ಬಿಟ್ಟುಕೊಡು

ಮಗೂ, ಬೇಸಿಗೆ ರಜೆಯ ಬೈಬಲ್ ಶಾಲೆ ವಿ.ಬಿ.ಎಸ್.ನಲ್ಲಿ ಪಾಠ ಹೇಳೋಕೆ ನಿನ್ನನ್ನು ಆರಿಸಿದ್ದಾರೆ ಅಂತ ಕೇಳಿ ಹಿಗ್ಗಿದೆ. ನಿನ್ನ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅವಸರ ಮಾತ್ರ ತುಸು ಜಾಸ್ತಿ. ಮೊಬೈಲಿನಲ್ಲಿ ಕಂಡ ಕಾಗದದಾಟವನ್ನೆಲ್ಲ ಒಂದೇ ದಿನ ಮಾಡಿ ತೋರಿಸಬೇಕು ಅಂತೀಯ. ಬೇಡ. ಒಂದು ಪಾಠಕ್ಕೆ ಒಂದು ಆಟ ಸಾಕು.

ಮೊದಲು ಬಳೆಯಾಟ ಕಲಿ. ಹಳೆ ಕ್ಯಾಲೆಂಡರ್ ಹಾಳೆಯಿಂದ ಮೂರು ಉದ್ದನೆಯ ಪಟ್ಟಿ ಕತ್ತರಿಸಿಕೊ. ಒಂದನ್ನು ಹಾಗೇ ಸುತ್ತಿ ಗೋಂದು ಹಚ್ಚಿ ಅಂಟಿಸು. ಎರಡನೆಯದರ ತುದಿಯನ್ನು ಅರ್ಧ ಸುತ್ತು ತಿರುಚಿ ಅಂಟಿಸು, ಮೂರನೆಯದಕ್ಕೆ ಪೂರ್ತಿ ಒಂದು ಸುತ್ತು. ಈಗ ಪ್ರತಿ ಬಳೆಯನ್ನೂ ನಟ್ಟನಡುವೆ ಉದ್ದಕ್ಕೂ ಕತ್ತರಿಸುತ್ತಾ ಹೋಗು. ಮೊದಲನೆಯದು ಎರಡಾಗಿ ಬೇರ್ಪಡುತ್ತದೆ. ಎರಡನೆಯದು ಬೇರ್ಪಡುವುದೇ ಇಲ್ಲ, ಇಮ್ಮಡಿ ಉದ್ದದ ಒಂದೇ ಬಳೆಯಾಗುತ್ತದೆ. ಮೂರನೆಯದು ಎರಡಾದರೂ ಒಂದರೊಳಗೊಂದು ಕೊಂಡಿ ಹಾಕಿಕೊಂಡೇ ಇರುತ್ತದೆ. 1858ರಲ್ಲಿ ಮೋಬಿಯಸ್, ಲಿಸ್ಟಿಂಗ್ ಎಂಬ ಇಬ್ಬರು ಜರ್ಮನ್ ಗಣಿತಜ್ಞರು, ಒಬ್ಬರನ್ನೊಬ್ಬರು ಕೇಳದೆ, ಗುರುತಿಸಿದ್ದು ಆ ಎರಡನೆಯ ಬಳೆಯನ್ನೇ.

ಕೊಂಡಿ ಬಿದ್ದ ಜೋಡಿಯನ್ನು ಒಂದು ಮಗುವಿನ ಕೈಗೆ ಕೊಟ್ಟು 'ಹರಿಯದೆ ಬಿಡಿಸು ನೋಡೋಣ' ಅನ್ನು. ಎಳೆಯಲಿ, ತಿರುವಲಿ. ನೀನು ಸುಮ್ಮನಿರು, ಇದೇ ನಿನಗೆ ಕಷ್ಟ, ಗೊತ್ತು ನನಗೆ. ಮಗು ಸೋತು ನಿನ್ನ ಮುಖ ನೋಡಿದಾಗ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯ ತೆಗೆ. ಸಾವಾಗಲಿ ಬದುಕಾಗಲಿ, ಯಾವುದೂ ನಮ್ಮನ್ನು ದೇವರ ಪ್ರೀತಿಯಿಂದ ಬಿಡಿಸಲಾರದು ಅಂತ ಪೌಲ ಹೇಳುವುದು ಆಗ ತಾನಾಗಿ ಇಳಿಯುತ್ತದೆ.

ಶಿಲುಬೆಯ ಆಟ ನಿನಗೆ ಗೊತ್ತೇ ಇದೆ. ಹಾಳೆಯ ಮೇಲಿನ ಎರಡು ಮೂಲೆಗಳನ್ನು ಒಂದಾದ ಮೇಲೊಂದರಂತೆ ಎದುರು ಅಂಚಿಗೆ ಮಡಚಿದರೆ ಮನೆಯ ಆಕಾರ ಬರುತ್ತದೆ. ಅದನ್ನು ಉದ್ದಕ್ಕೆ ಮಡಚಿ, ಮತ್ತೆ ಉದ್ದಕ್ಕೇ ಒಂದು ಸಲ ಕತ್ತರಿ ಹಾಕಿದರೆ, ಮಡಿಕೆಯ ಕಡೆಯ ತುಂಡು ಬಿಡಿಸಿದಾಗ ಶಿಲುಬೆ. ಇದಕ್ಕೊಂದು ಕಥೆ ಅಂಟಿಕೊಂಡು ಬಂದಿದೆ: ಉಳಿದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳಂತೆ ಜೋಡಿಸಿ, ಸ್ವಾರ್ಥಿಗೆ ಸಿಕ್ಕಿದ್ದು ನರಕ ಎಂದು ಓದಿಸುವುದು. ಅದನ್ನು ಬಿಟ್ಟುಬಿಡು. ಹೆದರಿದ ಮಗು ರಾತ್ರಿ ನಿದ್ದೆಗೆಡುತ್ತದೆ, ಯೇಸುವಿನ ಹತ್ತಿರ ಬರುವುದಿಲ್ಲ. ಶಿಲುಬೆ ಬಂತು, ಕ್ಷಮೆಯ ಮಾತು ಹೇಳು, ಅಲ್ಲಿಗೆ ನಿಲ್ಲಿಸು.

ಬಣ್ಣದ ಹಾಳೆಗಳ ಅಕ್ಷರವಿಲ್ಲದ ಪುಸ್ತಕವನ್ನೂ ಮಾಡುತ್ತೀಯಲ್ಲ? ಲಂಡನ್ನಿನ ಬೋಧಕ ಸ್ಪರ್ಜನ್ 1866ರಲ್ಲಿ ಕಪ್ಪು, ಕೆಂಪು, ಬಿಳಿ ಹಾಳೆಗಳನ್ನಿಟ್ಟು ಪ್ರಸಂಗ ಮಾಡಿದ್ದರು. ಬಂಗಾರದ ಬಣ್ಣವನ್ನು ಅಮೆರಿಕದ ಬೋಧಕ ಮೂಡಿ 1875ರಲ್ಲಿ ಸೇರಿಸಿದರು. ಆ ಪುಸ್ತಕದಲ್ಲಿ ಕಪ್ಪು ಅಂದರೆ ಪಾಪ, ಕೆಂಪು ಅಂದರೆ ಯೇಸುವಿನ ರಕ್ತ. ನಿನ್ನೆದುರು ಕೂತ ಮಕ್ಕಳ ಮೈಬಣ್ಣ ನೋಡು, ಮಗೂ. 'ಕರಿಯ, ಕರಿಯಿ' ಅಂತ ಬೀದಿಯಲ್ಲಿ ಕೇಳಿಸಿಕೊಂಡು ಬಂದ ಕೂಸಿಗೆ ನೀನೂ ಕಪ್ಪು ಹಾಳೆ ಎತ್ತಿ ಪಾಪ ಅಂದರೆ, ಅದು ಕೆಂಪು ಹಾಳೆಯವರೆಗೆ ಬರುವುದೇ ಇಲ್ಲ. ಮುದುಡಿದ ಹಾಳೆ ತೋರಿಸು, ಮಸಿ ಚೆಲ್ಲಿದ ಹಾಳೆ ತೋರಿಸು, ಆಮೇಲೆ ಶುಭ್ರ ಹಾಳೆ ಕೊಡು. ಅರ್ಥ ಅದೇ, ನೋವಿಲ್ಲ.

ಇನ್ನು ನಿನ್ನ ಕೈಚಳಕ. ಇಟಲಿಯ ಡಾನ್ ಬೋಸ್ಕೊ ಹುಡುಗನಿದ್ದಾಗ ಜಾತ್ರೆಯ ಆಟಗಾರರಿಂದ ಕೈಚಳಕ, ಹಗ್ಗದ ನಡಿಗೆ ಕಲಿತು ನೆರೆಯವರಿಗೆ ತೋರಿಸುತ್ತಿದ್ದ. ನಡುವೆ ಜಪಸರದ ಪ್ರಾರ್ಥನೆ, ಅಂದಿನ ಪ್ರಸಂಗದ ಸಾರ. ಆಟ ಬೇಕಾದವರು ಅದನ್ನೂ ಕೇಳಲೇಬೇಕಿತ್ತು. ಅವರೇ 1934ರಲ್ಲಿ ಸಂತರಾದರು. ಆಟ ಆಟವೇ, ಪ್ರಾರ್ಥನೆ ಪ್ರಾರ್ಥನೆಯೇ ಆಗಿತ್ತು ಅನ್ನುವುದನ್ನು ನೋಡು. ಹರಿದ ಕಾಗದವನ್ನು ಗುಟ್ಟಾಗಿ ಬದಲಿಸಿ, ಬೆನ್ನಿಗೇ ಪುನರುತ್ಥಾನದ ಪಾಠ ಶುರು ಮಾಡಬೇಡ. ಗುಟ್ಟು ಹೊರಬಿದ್ದ ದಿನ ಮಗು ಎರಡನ್ನೂ ಒಂದೇ ಬುಟ್ಟಿಗೆ ಹಾಕುತ್ತದೆ. 'ಇದು ಬರೀ ಮಡಿಕೆ, ನಿನಗೂ ಬರುತ್ತದೆ, ಬಾ' ಅನ್ನು. ಮನೆಗೆ ಹೋಗಿ ಅಜ್ಜಿಗೆ ಮಾಡಿ ತೋರಿಸುವಾಗ ಅದು ನಿನ್ನ ಪಾಠವನ್ನೂ ಹೇಳುತ್ತದೆ.

ಪಕ್ಕದ ಬೀದಿಯ ಬೇರೆ ಧರ್ಮದ ಮಕ್ಕಳೂ ಬರಬಹುದು. ಅಲ್ಲಿ ಏನು ಹೇಳಿಕೊಡುತ್ತೀಯ ಅಂತ ಅವರ ಮನೆಯವರಿಗೆ ಮೊದಲೇ ಹೋಗಿ ತಿಳಿಸು. ಅವರು ಬೇಡ ಅಂದರೆ ಬೇಡ, ಮುಖ ಸಣ್ಣ ಮಾಡಿಕೊಳ್ಳಬೇಡ. ಹಿಂದಿನ ರಾತ್ರಿ ಮನೆಯಲ್ಲೇ ಪಟ್ಟಿ ಕತ್ತರಿಸಿ ನೋಡು. ಮೊಂಡು ಕತ್ತರಿ ಸಾಣೆಗೆ ಕೊಡು, ಗೋಂದು ಒಣಗುವ ತನಕ ಮಕ್ಕಳಿಂದ ಹಾಡು ಹೇಳಿಸು.