ದೆಹಲಿಯಲ್ಲೂ ನೀರು ಹರಿಯುತ್ತದೆ: ತೋಟ-ಕಾಲುವೆಗಳ ಫೋಟೋಗೆ 7 ಸೂತ್ರಗಳು

ನೋಯ್ಡಾದಲ್ಲೋ ಗುರುಗ್ರಾಮದಲ್ಲೋ ಕೆಲಸ. ಕ್ಯಾಮೆರಾ ಬೀರುವಿನಲ್ಲಿ. "ಇಲ್ಲೇನಿದೆ ತೆಗೆಯೋಕೆ? ಊರಿಗೆ ಹೋದಾಗ ಶಿರಸಿಯ ತೋಟ, ಹಳ್ಳ ತೆಗೀತೀನಿ" ಎನ್ನುತ್ತೀರಾ? ಮುಂದೂಡುವ ಈ ಚಾಳಿಯನ್ನು ಈ ಶನಿವಾರವೇ ಬಿಡಿ.

1. ನೀರಿನ ದಾರಿ ಹಿಡಿಯಿರಿ. ಹುಮಾಯೂನ್ ಸಮಾಧಿಗೆ ಹೋದವರೆಲ್ಲ ಗುಮ್ಮಟಕ್ಕೇ ಫೋಕಸ್ ಮಾಡುತ್ತಾರೆ. ನೀವು ಅದರ ಸುತ್ತಲಿನ ಚಾರ್‌ಬಾಗ್ ತೋಟದ ಕಾಲುವೆಗಳನ್ನು ನೋಡಿ. 2003ರಲ್ಲಿ ಮುಗಿದ ಜೀರ್ಣೋದ್ಧಾರದಲ್ಲಿ ಇವನ್ನು 40 ಮೀಟರಿಗೆ 1 ಸೆಂ.ಮೀ. ಇಳಿಜಾರಿನಂತೆ ಮತ್ತೆ ಕೂರಿಸಿದರು. ಕಣ್ಣಿಗೆ ಕಾಣದ ಇಳಿಜಾರು, ನೀರಿಗೆ ಸಾಕು. ಕ್ಯಾಮೆರಾವನ್ನು ಕಲ್ಲಿನಂಚಿಗೆ ತಾಗುವಷ್ಟು ಕೆಳಗಿಳಿಸಿ. ತೆಳ್ಳಗೆ ನಿಂತ ನೀರಲ್ಲೂ ಗುಮ್ಮಟ ಸಿಗುತ್ತದೆ.

2. ಬೇಗ ಏಳಿ. ಸೂರ್ಯೋದಯಕ್ಕೇ ಸಮಾಧಿಯ ಗೇಟ್ ತೆರೆಯುತ್ತದೆ. ಹತ್ತರ ಬಿಸಿಲಿಗೆ ಕೆಂಪು ಕಲ್ಲು ಬಿಳಚಿಕೊಳ್ಳುತ್ತದೆ. ಮಳೆ ನಿಂತ ಮೇಲಿನ ವಾರಗಳನ್ನು ಕ್ಯಾಲೆಂಡರ್‌ನಲ್ಲಿ ಬ್ಲಾಕ್ ಮಾಡಿ. ನವೆಂಬರ್ ಹೊಗೆಗೆ ಯಾವ ಫಿಲ್ಟರೂ ಮದ್ದಲ್ಲ.

3. ಶಟರ್ ಜೊತೆ ಆಟವಾಡಿ. ಹುಮಾಯೂನ್ ಸಮಾಧಿಯ ಪಕ್ಕದಲ್ಲೇ 90 ಎಕರೆಯ ಸುಂದರ್ ನರ್ಸರಿ. 2018ರಿಂದ ಸಾರ್ವಜನಿಕರಿಗೆ ತೆರೆದಿದೆ. ಅಲ್ಲಿನ ಕಾರಂಜಿಗಳ ಮುಂದೆ ಅರ್ಧ ಸೆಕೆಂಡ್ ಇಡಿ, ನೀರು ರೇಷ್ಮೆಯಾಗುತ್ತದೆ. 1/1000 ಇಡಿ, ಹನಿಹನಿಯೂ ಗಾಳಿಯಲ್ಲಿ ನಿಲ್ಲುತ್ತದೆ. ಎರಡೂ ತೆಗೆಯಿರಿ. ಪೋಲರೈಸರ್ ತಿರುಗಿಸುವಾಗ ಮಾತ್ರ ಹುಷಾರು, ಹೊಳಪಿನ ಜೊತೆ ಪ್ರತಿಬಿಂಬವನ್ನೂ ಒರೆಸಿಬಿಡುತ್ತದೆ.

4. ನಿಯಮ ತಿಳಿದುಕೊಳ್ಳಿ. ಪುರಾತತ್ವ ಇಲಾಖೆಯ (ಎಎಸ್‌ಐ) ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕು. ಇಲ್ಲವೇ ಬ್ಯಾಗ್ ಮೇಲೆ ಕ್ಯಾಮೆರಾ ಕೂರಿಸಿ. ಡ್ರೋನ್ ಮರೆತುಬಿಡಿ.

5. ಕೆಳಗಿಳಿದು ತಿರುಗಿ ನೋಡಿ. ಮೆಟ್ಟಿಲು ತೋಟವೇ ಬೇಕೆಂದರೆ ಲಾಂಗ್ ವೀಕೆಂಡ್‌ಗೆ ಚಂಡೀಗಢ ದಾಟಿ ಪಿಂಜೋರ್‌ಗೆ ಹೋಗಿ. ಶಿವಾಲಿಕ್ ತಪ್ಪಲಲ್ಲಿ ಔರಂಗಜೇಬನ ಕಾಲದ ಫಿದಾಯಿ ಖಾನ್ ಮಾಡಿಸಿದ 7 ಹಂತಗಳ ತೋಟವಿದೆ. ಪ್ರವೇಶದಲ್ಲೇ ಅತಿ ಎತ್ತರದ ಹಂತ; ಜನ ಅಲ್ಲೇ ಸೆಲ್ಫಿ ಮುಗಿಸುತ್ತಾರೆ. ಮೇಲಿನಿಂದ ಒಂದು ಹಂತ ಇನ್ನೊಂದನ್ನು ನುಂಗಿ ಎಲ್ಲ ಸಪಾಟಾಗಿ ಕಾಣುತ್ತದೆ. ಕೆಳಗಿಂದ ಜೂಮ್ ಹಾಕಿ: ಗೋಡೆ, ಕಾರಂಜಿ, ಮಂಟಪ ಒಂದರ ಮೇಲೊಂದು ಏರಿ ನಿಲ್ಲುತ್ತವೆ. ಊರಿನ ಗುಡ್ಡದ ಗದ್ದೆಗೂ ಇದೇ ಉಪಾಯ.

6. ಬತ್ತಿದ್ದನ್ನೂ ತೆಗೆಯಿರಿ. ಮೆಹ್ರೌಲಿಯಲ್ಲಿ 1230ರ ಸುಮಾರಿಗೆ ಇಲ್ತುತ್ಮಿಶ್ ಕಟ್ಟಿಸಿದ ಹೌಜ್-ಎ-ಶಮ್ಸಿ ಕೆರೆಯಿದೆ. ಅದರ ಕೋಡಿ ನೀರು ಧುಮುಕಲೆಂದೇ ಮಾಡಿದ ವಿಹಾರ ತೋಟ ಝರ್ನಾ. ಇಂದು ಅಲ್ಲಿ ಆ ಝರಿಯಿಲ್ಲ. "ವೇಸ್ಟ್" ಅಂದುಕೊಂಡು ವಾಪಸಾಗಬೇಡಿ. ಒಣ ತೊಟ್ಟಿ, ಮಂಟಪದ ಕಂಬಗಳ ನೆರಳು ಹಿಡಿಯಿರಿ. ತುಂಬಿದ ನೀರನ್ನು ಎಲ್ಲರೂ ತೆಗೆಯುತ್ತಾರೆ, ನಿಮ್ಮ ಪೋರ್ಟ್‌ಫೋಲಿಯೊ ಬೇರೆಯಾಗುವುದು ಇಲ್ಲೇ.

7. ಅಳಿಸಿ. ಒಂದು ಔಟಿಂಗ್‌ಗೆ ಐದೇ ಫೋಟೋ ಉಳಿಸಿ. ಆರ್.ಕೆ. ಪುರಂನ ಕರ್ನಾಟಕ ಸಂಘದಲ್ಲಿ ಸಿಗುವ ಗೆಳೆಯರ ಪೈಕಿ ನಿಷ್ಠುರವಾಗಿ ಮಾತಾಡುವವರನ್ನು ಹುಡುಕಿ, ಅವರಿಗೆ ಮೊದಲು ತೋರಿಸಿ. ಎಲ್ಲಕ್ಕೂ "ಸೂಪರ್" ಅನ್ನುವ ವಾಟ್ಸಾಪ್ ಗ್ರೂಪಿಗೆ ಆಮೇಲೆ ಕಳಿಸಿದರಾಯಿತು.