ಮನ್ಯಾಗ ಒಳ್ಳೆ ಸೌಂಡ್ ಬೇಕಂದ್ರ...

"ದೊಡ್ಡ ಸ್ಪೀಕರ್ ತಂದ್ರ ಸೌಂಡ್ ತಾನಾಗೇ ಚಲೋ ಬರ್ತದ" ಅನ್ನೋ ಮಾತನ್ನು ಹಾನಗಲ್ಲಿನಿಂದ ಹಿರೇಕೆರೂರುತನಕ ನಾವೆಲ್ಲ ಕೇಳಿಯೇ ಇರುತ್ತೇವೆ. ಇದು ಎಷ್ಟು ಖರೆ? ಲೆಕ್ಕ ಹಾಕಿ ನೋಡೋಣ.

ಧ್ವನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹಾಲ್‌ನ ಎದುರುಬದುರು ಗೋಡೆಗಳ ನಡುವೆ 3.4 ಮೀಟರ್, ಅಂದರೆ ಸುಮಾರು 11 ಅಡಿ ಇದೆ ಅನ್ನೋಣ. 343 ÷ (2 × 3.4) ಮಾಡಿದರೆ ಹೆಚ್ಚುಕಡಿಮೆ 50 ಹರ್ಟ್ಸ್ ಬರುತ್ತದೆ. ಈ ಕಂಪನಾಂಕ ಮತ್ತು ಇದರ 2, 3 ಪಟ್ಟು (100, 150) ಆ ಗೋಡೆಗಳ ನಡುವೆ ಸ್ಥಿರ ತರಂಗವಾಗಿ ನಿಲ್ಲುತ್ತವೆ. ಗೋಡೆಗೆ ಒರಗಿ ಕೂತವರಿಗೆ ಬೇಸ್ ಗುಂಯ್ ಅಂತದ. ಅದೇ 50 ಹರ್ಟ್ಸ್ ನಟ್ಟನಡುವೆ ಕೂತವರಿಗೆ ಕೇಳೋದೇ ಕಡಿಮೆ. ಸ್ಪೀಕರ್ ಮೂಲೆಗೆ ಒತ್ತಿಟ್ಟರೆ ಗುಂಯ್ ಇನ್ನೂ ಜಾಸ್ತಿ.

ಇದರಿಂದ ಏನು ಹೋಯ್ತು? ಗಂಗೂಬಾಯಿ ಹಾನಗಲ್ (1913–2009) ಅವರ ಗಡಸು ಕಂಠದ ತಗ್ಗು ಸ್ವರಗಳು ಇಂಥ ಕೋಣೆಯಲ್ಲಿ ಕಲಸಿಹೋಗುತ್ತವೆ. ಶಿಗ್ಗಾಂವಿ ತಾಲೂಕಿನ ಶಿಶುನಾಳದ ಶರೀಫರ (1819–1889) ತತ್ವಪದಗಳಲ್ಲಿ ಮಾತೇ ಜೀವ. ಟೈಲ್ಸ್ ನೆಲ, ಬೋಳು ಗೋಡೆಗಳ ಪ್ರತಿಧ್ವನಿಗೆ ಆ ಮಾತು ಮಸುಕಾಗುತ್ತದೆ. ಮನೆಯ ಹಿರಿಯರು "ರೆಕಾರ್ಡಿಂಗೇ ಸರಿಯಿಲ್ಲ ಬಿಡ್ರಿ" ಅಂತ ಎದ್ದು ಹೋಗ್ತಾರ. ತಪ್ಪು ರೆಕಾರ್ಡಿಂಗಿನದಲ್ಲ.

ಹಾಗಾದ್ರ ಏನು ಮಾಡೋಣ?

1. ಸ್ಪೀಕರ್‌ಗಳನ್ನು ಮೂಲೆಯಿಂದ ತೆಗೆದು, ಗೋಡೆಯಿಂದ ಒಂದೆರಡು ಅಡಿ ಮುಂದಿಡೋಣ.

2. ಎರಡು ಸ್ಪೀಕರ್ ಮತ್ತು ಕೇಳುವವರು ಸಮಬಾಹು ತ್ರಿಕೋನದಲ್ಲಿರಲಿ. ಟ್ವೀಟರ್ ಕಿವಿಯ ಎತ್ತರಕ್ಕಿರಲಿ. ಚಾಪೆ ಮೇಲೆ ಕೂತು ಕೇಳುವ ಮನೆಯಲ್ಲಿ ಸ್ಪೀಕರೂ ಕೆಳಗಿಳಿಯಬೇಕು.

3. ಕೆಂಪು ವೈರ್ ಕೆಂಪಿಗೆ, ಕರಿ ವೈರ್ ಕರಿಗೆ. ಒಂದು ಸ್ಪೀಕರಿಗೆ ಮಾತ್ರ ಅದಲುಬದಲಾದರೆ ಒಂದು ಕೋನ್ ಮುಂದೆ ಬಂದಾಗ ಇನ್ನೊಂದು ಹಿಂದೆ ಸರಿದು ಬೇಸ್ ಸೊರಗುತ್ತದೆ.

4. ನೆಲಕ್ಕೆ ಜಮಖಾನೆ ಹಾಸಿ, ಬೋಳು ಗೋಡೆಗೆ ಅಜ್ಜಿ ಹೊಲಿದ ದಪ್ಪ ಕೌದಿ ತೂಗುಹಾಕೋಣ. ಮಾತು ಸ್ಪಷ್ಟವಾಗುತ್ತದೆ. ಆದರೆ 50 ಹರ್ಟ್ಸ್‌ನ ಅಲೆಯ ಉದ್ದ ಸುಮಾರು 7 ಮೀಟರ್. ಅದು ಕೌದಿಗೆ ಬಗ್ಗೋದಿಲ್ಲ. ಅದಕ್ಕೆ ಕೂರುವ ಜಾಗವನ್ನೇ ಒಂದೆರಡು ಅಡಿ ಸರಿಸಿ ನೋಡಬೇಕು.

ಜೋಡಣೆ ಎಷ್ಟೇ ಚಲೋ ಇದ್ದರೂ ಅಂಗೈಯಗಲದ ಸ್ಪೀಕರ್ ಡೊಳ್ಳಿನ ಗುಡುಗು ಕೊಡಲಾರದು, ಅದೂ ಖರೆ. ಆದರೆ ಇರುವ ಸ್ಪೀಕರಿನ ಪೂರ್ತಿ ಯೋಗ್ಯತೆ ನೋಡದೇ ಹೊಸದಕ್ಕೆ ಅಪ್ಪನ ಕೈಲಿ ಸಾಲ ಮಾಡಿಸೋದು ಬೇಡ. ಬೇಕಾದ ಜ್ಞಾನ ನಮ್ಮ ಪಿಯುಸಿ ಭೌತಶಾಸ್ತ್ರದಲ್ಲೇ ಇದೆ. ಈ ಸಲ ರಜೆಗೆ ಸವಣೂರಿಗೋ ಶಿಗ್ಗಾಂವಿಗೋ ಹೋದಾಗ ಒಂದು ಅಳತೆ ಟೇಪು, ಒಂದು ತಾಸು ಪುರುಸೊತ್ತು ಇಟ್ಟುಕೊಳ್ಳೋಣ. ಹಿರಿಯರನ್ನೇ ಮುಂದೆ ಕೂರಿಸಿ, "ಈಗ ಹೆಂಗ ಕೇಳ್ತದ್ರಿ?" ಅಂತ ಕೇಳೋಣ.