ಮೊದಲು ಮಗುವಿನ ಉಸಿರು

ನೋಡಮ್ಮಾ, ತಾಲ್ಲೂಕು ಆಸ್ಪತ್ರೆಗೆ ಒಬ್ಬಳೇ ಅರಿವಳಿಕೆ ವೈದ್ಯೆಯಾಗಿ ಹೊರಟಿದ್ದೀಯೆ. ಅಲ್ಲಿ ಕರೆಂಟು ಹೋಗುತ್ತೆ, ಆಕ್ಸಿಜನ್ ಒತ್ತಡ ಇಳಿಯುತ್ತೆ, ಲ್ಯಾರಿಂಗೋಸ್ಕೋಪಿನ ಬಲ್ಬು ಬೇಕಾದ ಗಳಿಗೆಯಲ್ಲೇ ಕೈಕೊಡುತ್ತೆ. ದೊಡ್ಡವರಾದರೆ ಯೋಚಿಸಲು ಒಂದಿಷ್ಟು ವ್ಯವಧಾನ ಇರುತ್ತೆ. ಟೇಬಲ್ ಮೇಲೆ ಆರು ತಿಂಗಳ ಕೂಸಿದ್ದರೆ ಇಲ್ಲ. ಕೂಸು ಒಂದು ಕೆಜಿ ತೂಕಕ್ಕೆ ನಿಮಿಷಕ್ಕೆ 6ರಿಂದ 8 ಮಿಲಿ ಆಕ್ಸಿಜನ್ ಬಳಸುತ್ತೆ, ದೊಡ್ಡವರ ಎರಡರಷ್ಟು. ಅದರ ಪುಪ್ಪುಸದಲ್ಲಿ ಉಳಿಯುವ ದಾಸ್ತಾನೂ ಕಡಿಮೆ. ಸ್ಯಾಚುರೇಷನ್ ಜಾರಿದರೆ ಹಿಂದೆಯೇ ನಾಡಿಯೂ ಜಾರುತ್ತೆ.

ಆದ್ದರಿಂದ ಮಷಿನ್ ಕೆಟ್ಟಾಗ ಮಷಿನ್ ಕಡೆ ತಿರುಗಬೇಡ. ಸರ್ಕ್ಯೂಟ್ ಕಳಚು, ಮಕ್ಕಳ ಆಂಬು ಬ್ಯಾಗ್ ಹಾಕು, ಎದೆ ಏಳುವಷ್ಟೇ ಒತ್ತು. ಸಿಲಿಂಡರ್ ಖಾಲಿಯಾಗಿದ್ದರೂ ಕೋಣೆಯ ಗಾಳಿಯಲ್ಲೇ ಅದು ನಡೆಯುತ್ತೆ. ಎದೆ ಸಲೀಸಾಗಿ ಎದ್ದರೆ ದೋಷ ಮಷಿನ್ನಿನದು. ಏಳದಿದ್ದರೆ ಟ್ಯೂಬು ಮಡಚಿದೆಯೋ, ಕಫ ಕಟ್ಟಿದೆಯೋ, ಜಾರಿದೆಯೋ ನೋಡು. ಮಷಿನ್ ಏನಾಯಿತೆಂದು ಟೆಕ್ನಿಷಿಯನ್ ನೋಡಲಿ, ನಿನ್ನ ಕಣ್ಣು ಮಗುವಿನ ಮೇಲಿರಲಿ. ಆಂಬುವಿನಲ್ಲಿ ಅರಿವಳಿಕೆಯ ಅನಿಲ ಹೋಗುವುದಿಲ್ಲ, ಇದನ್ನು ಗಡಿಬಿಡಿಯಲ್ಲಿ ಮರೆಯುವವರೇ ಹೆಚ್ಚು. ಕೈ ನಿಲ್ಲಿಸಲು ಸರ್ಜನ್‌ಗೆ ಗಟ್ಟಿಯಾಗಿ ಹೇಳು. ತೂಕಕ್ಕೆ ಲೆಕ್ಕ ಹಾಕಿದ ಕೆಟಮಿನ್ ಸಿರಿಂಜಿನಲ್ಲಿ ಮೊದಲೇ ತುಂಬಿರಲಿ.

ಸರಳ ಸಾಧನವನ್ನು ಹಗುರವಾಗಿ ಕಾಣಬೇಡ. 1937ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಫಿಲಿಪ್ ಏರ್ ಅವರು ಸೀಳುತುಟಿಯ ಕೂಸುಗಳಿಗೆಂದು ವಾಲ್ವೇ ಇಲ್ಲದ, ಟಿ ಆಕಾರದ ಕೊಳವೆ ಹೊಂದಿಸಿದರು. ಕೂಸು ಉಸಿರಿಗಾಗಿ ಏದುವುದು ತಪ್ಪಿತು. 1950ರಲ್ಲಿ ಲಿವರ್‌ಪೂಲ್‌ನ ಜಾಕ್ಸನ್ ರೀಸ್ ಅದಕ್ಕೆ ಬಾಲ ತೆರೆದ ಚೀಲ ಸೇರಿಸಿದರು. ನಾವು ದಿನಾ ಹಿಡಿಯುವ ಜೆಆರ್ ಸರ್ಕ್ಯೂಟ್ ಅದೇ. ಆದರೆ ಅನಿಲದ ಹರಿವು ನಿಂತರೆ ಅದು ಕೆಲಸಕ್ಕೆ ಬಾರದು, ಮಗು ತಾನು ಬಿಟ್ಟ ಗಾಳಿಯನ್ನೇ ಮತ್ತೆ ಎಳೆಯುತ್ತೆ. ಹಾಗಾಗಿ ಜೆಆರ್ ಇದೆಯಲ್ಲ ಅಂತ ಆಂಬುವನ್ನು ಬೀರುವಿಗೆ ಕಳಿಸಬೇಡ. ಪ್ರತಿ ಕೇಸಿಗೂ ಅದು ತಲೆದೆಸೆಯಲ್ಲೇ ಇರಬೇಕು, ಜೊತೆಗೆ ಇನ್ನೊಂದು ಲ್ಯಾರಿಂಗೋಸ್ಕೋಪ್, ಕಾಲಲ್ಲಿ ತುಳಿಯುವ ಒಂದು ಸಕ್ಷನ್.

ಮಾನಿಟರ್ ಕಪ್ಪಾದರೆ ನಮ್ಮ ಕಾಲದ ಉಪಾಯ ಇವತ್ತಿಗೂ ನಿಲ್ಲುತ್ತೆ. ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಮಗುವಿನ ಎಡ ಎದೆಗೆ ಪ್ಲಾಸ್ಟರ್ ಹಾಕಿ ಅಂಟಿಸಿ, ಉದ್ದ ಕೊಳವೆಯ ತುದಿಯನ್ನು ಕಿವಿಗಿಟ್ಟುಕೊ. ಹೃದಯವೂ ಉಸಿರೂ ಒಟ್ಟಿಗೆ ಕೇಳುತ್ತೆ, ಒಂದು ಮಂದವಾದರೂ ತಿಳಿಯುತ್ತೆ. ಮಾನಿಟರ್ ಸರಿಯಿರುವ ದಿನಗಳಲ್ಲೇ ಇದನ್ನು ರೂಢಿಸಿಕೋ. ಹಾಗೆ ಪಳಗದ ಕಿವಿಗೆ ಗಲಾಟೆಯ ನಡುವೆ ಏನೂ ಕೇಳಿಸದು.

ಎಲ್ಲ ಜುಗಾಡೂ ಒಳ್ಳೆಯದಲ್ಲ. ವಾರ್ಮರ್ ಕೆಟ್ಟಿತೆಂದು ಕೈಗವಸಿಗೆ ಬಿಸಿನೀರು ತುಂಬಿ ಕೂಸಿನ ಪಕ್ಕ ಇಡುವುದನ್ನು ಕಂಡರೆ ತಡೆ, ಎಳೆ ಚರ್ಮ ಸುಡುತ್ತೆ. ತಲೆಗೂ ಕೈಕಾಲಿಗೂ ಹತ್ತಿ ಸುತ್ತು. ಸಿಲಿಂಡರ್ ಕೂರದಿದ್ದರೆ ಇನ್ನೊಂದು ವಾಷರ್ ಹಾಕಿ ಬಡಿದು ಕೂರಿಸುವ ಜಾಣ್ಮೆ ಬೇಡವೇ ಬೇಡ. ಆಕ್ಸಿಜನ್ ಜಾಗದಲ್ಲಿ ನೈಟ್ರಸ್ ಕೂರಬಾರದೆಂದೇ ಅಲ್ಲಿ ಪಿನ್ನುಗಳನ್ನಿಟ್ಟಿದ್ದಾರೆ. ಕೂರುತ್ತಿಲ್ಲ ಎಂದರೆ ಆ ಸಿಲಿಂಡರನ್ನು ಮೊದಲು ಓದು.

ಕೇಸು ಶುರುವಾಗುವ ಮುಂಚೆಯೇ ದೋಷ ಕಂಡರೆ ಉಪಾಯದ ಮಾತೇ ಬೇಡ. ಸಿಕ್ಕಿಹಾಕಿಕೊಂಡಿರದ ಹರ್ನಿಯಾ ಕಾಯಬಲ್ಲದು; ಸರ್ಜನ್ ಮುಖ ಗಂಟಿಕ್ಕಿದರೂ ಮುಂದೂಡು. ನಡುವೆ ಕೆಟ್ಟು ಹೇಗೋ ಪಾರಾದರೆ, ನಡೆದದ್ದನ್ನು ಅಪ್ಪ ಅಮ್ಮನಿಗೆ ನೇರವಾಗಿ ತಿಳಿಸು, ರಿಜಿಸ್ಟರಿನಲ್ಲಿ ಹೊತ್ತು ಸಮೇತ ಬರೆ, ಮುಖ್ಯ ವೈದ್ಯಾಧಿಕಾರಿಗೆ ಪತ್ರ ಕೊಟ್ಟು ಪ್ರತಿಗೆ ಸಹಿ ಹಾಕಿಸಿಕೋ. ರಿಪೇರಿಯಾಗಿ, ನೀನೇ ಪರೀಕ್ಷಿಸಿ ಒಪ್ಪುವವರೆಗೆ ಆ ಮಷಿನ್ ಮೇಲೆ ಇನ್ನೊಂದು ಮಗುವನ್ನು ತೆಗೆದುಕೊಳ್ಳಬೇಡ.